ಬೊಲೊನ್ಯಾದ ಜಗಲಿ

ನಾವು ಇಟಲಿಯ ಬೊಲೊನ್ಯಾದಲ್ಲಿ ರೈಲಿಳಿದ ದಿನ ಮಳೆ ಹಿಡಿದಿತ್ತು. ಅಕ್ಟೋಬರ್ ತಿಂಗಳ ಸಣ್ಣ, ಬಿಡದ ಮಳೆ. ಸಾಗರದ ಕಡೆ ಹುಟ್ಟಿದವಳು ನಾನು. ಮಳೆ ಕಂಡರೆ ಕೈ ತಾನಾಗಿ ಕೊಡೆಗೆ ಹೋಗುತ್ತದೆ. ನಿಲ್ದಾಣದಿಂದ ಹೊರಬಿದ್ದು, ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ರಸ್ತೆ ದಾಟಿ ಇಂದಿಪೆಂದೆಂತ್ಸಾ ಬೀದಿ ಹಿಡಿದೆವು. ಅಲ್ಲಿಗೆ ಕೊಡೆಯ ಕೆಲಸ ಮುಗಿಯಿತು. ಬೀದಿಯ ಎರಡೂ ಬದಿಗೆ ಕಮಾನುಗಳ ಸಾಲು, ಕಮಾನಿನ ಒಳಗೆ ನುಣುಪು ನೆಲದ ದಾರಿ, ತಲೆಯ ಮೇಲೆ ಯಾರದೋ ಮನೆಯ ಮಹಡಿ. ಹತ್ತು ನಿಮಿಷ ನಡೆದರೂ ಕಮಾನು ಮುಗಿಯಲಿಲ್ಲ. ತಿರುವು ಬಂತು, ತಿರುವಿನ ಆಚೆಗೂ ಕಮಾನು. ಮಳೆ ನಮ್ಮ ಪಕ್ಕದಲ್ಲೇ ಸುರಿಯುತ್ತಿತ್ತು, ಎರಚಲು ಕೂಡ ನಮಗೆ ತಾಗಲಿಲ್ಲ.

‘ಇಷ್ಟುದ್ದದ ಜಗಲಿ ಯಾರು ಕಟ್ಟಿಸಿದ್ರು?’ ಎಂದು ಕೇಳಿದೆ. ನಮ್ಮವರು ಫೋನಿನಲ್ಲಿ ದಾರಿ ನೋಡುತ್ತಿದ್ದರು, ಕೇಳಿಸಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಒಂದು ಚಳಿಗಾಲ ಕಳೆದಿತ್ತು.

ಜಗಲಿ ಎಂಬ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆಯ ಮನೆಗಳಲ್ಲಿ ಜಗಲಿ ಅಂದರೆ ಅರ್ಧ ಮನೆ, ಅರ್ಧ ಬೀದಿ. ಅಲ್ಲೇ ಅಡಿಕೆ ಸುಲಿಯುವುದು, ಅಲ್ಲೇ ಪೇಪರು ಓದುವುದು, ಮದುವೆಯ ಮಾತುಕತೆಯೂ ಅಲ್ಲೇ. ದಾರಿಹೋಕರು ಮಳೆಗೆ ಹತ್ತಿ ನಿಂತರೆ ‘ಯಾರು ನೀವು’ ಎಂದು ಯಾರೂ ಮೊದಲು ಕೇಳುವುದಿಲ್ಲ. ಕೂರಲು ಹೇಳಿ, ಬೆಲ್ಲ ನೀರು ಕೊಟ್ಟು, ದಣಿವಾರಿದ ಮೇಲೆ ಊರು ಹೆಸರಿನ ವಿಚಾರ. ಒಳಮನೆಗೆ ಹೋಗುವುದು ಬಿಡುವುದು ಆಮೇಲಿನ ಮಾತು. ಇಷ್ಟು ತಿಳಿದಿದ್ದ ನನಗೆ ಬೊಲೊನ್ಯಾದ ಪೋರ್ತಿಕೊ ಅರ್ಥವಾಗಲು ಕಷ್ಟವಾಗಲಿಲ್ಲ.

ಪೋರ್ತಿಕೊ ಎಂದು ಇಲ್ಲಿಯವರು ಕರೆಯುವುದು ಈ ಕಮಾನಿನ ದಾರಿಯನ್ನೇ. ಊರಿನಲ್ಲಿರುವ ಇವನ್ನೆಲ್ಲ ಜೋಡಿಸಿದರೆ ಸುಮಾರು 62 ಕಿಲೋಮೀಟರ್ ಆಗುತ್ತದೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನನ್ನ ಮನಸ್ಸು ಹಿಡಿದದ್ದು ಉದ್ದವಲ್ಲ, ಅವು ಹುಟ್ಟಿದ ಕಾರಣ. ಇಲ್ಲಿನ ವಿಶ್ವವಿದ್ಯಾಲಯ 1088ರದ್ದೆಂದು ಲೆಕ್ಕ. ಯುರೋಪಿನ ಅತ್ಯಂತ ಹಳೆಯದು. ಕಾನೂನು ಓದಲು ಆಲ್ಪ್ಸ್ ಬೆಟ್ಟದ ಆಚೆಯಿಂದಲೂ ಹುಡುಗರು ಬಂದರು. ಪರದೇಶದಲ್ಲಿ ತಮಗೆ ರಕ್ಷಣೆ ಬೇಕೆಂದು ಆ ವಿದ್ಯಾರ್ಥಿಗಳೇ ಊರೂರಿನವರ ಸಂಘ ಕಟ್ಟಿಕೊಂಡರು, ಮೇಷ್ಟ್ರುಗಳಿಗೆ ಸಂಬಳ ಕೊಟ್ಟು ಇಟ್ಟುಕೊಂಡರು. ಹಾಗೆ ಬಂದವರಿಗೆಲ್ಲ ಇರಲು ಕೋಣೆ ಬೇಕಲ್ಲ? ಮನೆಯವರು ಮೇಲಿನ ಮಹಡಿಯನ್ನು ಬೀದಿಯ ಕಡೆಗೆ ಚಾಚಿದರು. ಭಾರ ತಡೆಯಲು ಕೆಳಗೆ ಮರದ ಕಂಬ ಕೊಟ್ಟರು. ಕಂಬ ಮತ್ತು ಗೋಡೆಯ ನಡುವೆ ಉಳಿದ ಜಾಗ ಜಗಲಿಯಾಯಿತು.

ಬೇರೆ ಊರುಗಳಲ್ಲೂ ಹೀಗೆ ಮಹಡಿ ಚಾಚಿದ್ದಾರೆ. ಕಾಲ ಕಳೆದಂತೆ ಊರಾಡಳಿತಗಳು ಅಡ್ಡಿ ಎಂದು ಕೆಡವಿಸಿದವು. ಬೊಲೊನ್ಯಾ ಮಾಡಿದ್ದು ತಿರುಗುಮುರುಗು. 1288ರ ಊರ ಕಟ್ಟಳೆ, ಹೊಸ ಮನೆ ಕಟ್ಟುವವರೆಲ್ಲ ಪೋರ್ತಿಕೊ ಕಟ್ಟಲೇಬೇಕು ಎಂದಿತು. ಎತ್ತರ ಕನಿಷ್ಠ ಏಳು ಬೊಲೊನ್ಯಾ ಅಡಿ, ಅಂದರೆ 2.66 ಮೀಟರ್, ಕುದುರೆ ಹತ್ತಿದವನು ತಲೆ ಬಗ್ಗಿಸದೆ ಹೋಗುವಷ್ಟು. ಆ ಅಡಿಯ ಉದ್ದವನ್ನು ಇವತ್ತಿಗೂ ಪಿಯಾತ್ಸಾ ಮಜ್ಜೋರೆ ಚೌಕದ ಪುರಭವನದ ಗೋಡೆಯಲ್ಲಿ ಬಿಳಿ ಕಲ್ಲಿನ ಮೇಲೆ ನೋಡಬಹುದು. ಸಂತೆಯಲ್ಲಿ ಬಟ್ಟೆ ಕೊಂಡವರು, ಇಟ್ಟಿಗೆ ಕೊಂಡವರು ಅಳತೆಯಲ್ಲಿ ಮೋಸವಾಯಿತೆಂಬ ಅನುಮಾನ ಬಂದರೆ ಅಲ್ಲಿಗೆ ತಂದು ಹಿಡಿದು ನೋಡಲಿ ಎಂದು ಕೆತ್ತಿಸಿದ್ದು. ನಾನು ಗೇಣು ಹಾಕಿ ನೋಡಿದೆ. ಎರಡು ಗೇಣು ತುಂಬಿತು.

ಪೋರ್ತಿಕೊದ ರಿಪೇರಿ ಮನೆಯವರ ಖರ್ಚು. ನಡೆಯುವ ಹಕ್ಕು ಮಾತ್ರ ಎಲ್ಲರದು. ನೆಲ ಮನೆಯವರದು, ನಡಿಗೆ ಊರಿನದು. ಏಳು ನೂರು ವರ್ಷಗಳಿಂದ ಈ ಏರ್ಪಾಡು ನಡೆದುಕೊಂಡು ಬಂದಿದೆ. ಗೇಟು ಹಾಕಿ, ಗೇಟಿನ ಹೊರಗೂ ಹೂಕುಂಡ ಇಟ್ಟು ಫುಟ್‌ಪಾತನ್ನು ಒಳಗೆ ಹಾಕಿಕೊಳ್ಳುವ ಊರುಗಳಲ್ಲಿ ಬಹಳ ವರ್ಷ ಬಾಳಿದವಳು ನಾನು. ನನ್ನ ಮಟ್ಟಿಗೆ ಈ ಕಟ್ಟಳೆ ಇಲ್ಲಿನ ಗೋಪುರಗಳಿಗಿಂತ ದೊಡ್ಡ ಕಟ್ಟಡ.

ಜಗಲಿ ಸಿಕ್ಕಿತು, ಮನೆ ಸಿಗಲಿಲ್ಲ. ಮೊದಲ ಆರು ವಾರ ಬಾಡಿಗೆಯ ಒಂದು ಕೋಣೆಯಲ್ಲಿ ಕಳೆದೆವು. ಕೋಣೆ ಬೇಕೆಂದು ಬಂದ ಹೊರಗಿನವರಿಂದ ಬೆಳೆದ ಊರಿನಲ್ಲಿ ಇವತ್ತಿಗೂ ಕೋಣೆಗೇ ಪರದಾಟ. ಫೋನಿನಲ್ಲಿ ‘ಬನ್ನಿ’ ಎಂದ ಒಬ್ಬ ಮನೆ ಮಾಲೀಕರು ನಮ್ಮ ಮುಖ ನೋಡಿದ ಮೇಲೆ ‘ಈಗ ತಾನೇ ಕೊಟ್ಟುಬಿಟ್ಟೆ’ ಎಂದರು. ಮರುದಿನವೂ ಅದೇ ಮನೆಯ ಜಾಹೀರಾತು ಇತ್ತು. ನೋವಾಯಿತು. ಆ ಸಂಜೆ ಸ್ತ್ರಾದಾ ಮಜ್ಜೋರೆ ಬೀದಿಯಲ್ಲಿ ಇಸೊಲಾನಿ ಮನೆಯ ಎದುರು ಸುಮ್ಮನೆ ನಿಂತಿದ್ದೆ. ಅದರ ಪೋರ್ತಿಕೊ 13ನೇ ಶತಮಾನದ್ದು. ಕಲ್ಲಾಗದೆ ಉಳಿದ ಮರದ್ದು, ಒಂಬತ್ತು ಮೀಟರ್ ಎತ್ತರದ ಕಂಬಗಳು. ಬಿರುಕು ಬಿಟ್ಟ ಕಂಬಕ್ಕೆ ಅಂಗೈ ಊರಿದಾಗ ನಮ್ಮ ಹಳೆಮನೆಯ ಮುಂಡಿಗೆ ನೆನಪಾಯಿತು. ಆ ಕಂಬ ಎಷ್ಟು ಪರದೇಶಿಗಳನ್ನು ನೋಡಿರಬೇಕು ಅನ್ನಿಸಿ ಮನಸ್ಸು ಸ್ವಲ್ಪ ತಣ್ಣಗಾಯಿತು.

ಕಾಗದಪತ್ರದ ಕೆಲಸವನ್ನು ಇಲ್ಲಿಗೆ ಬಂದವರು ಯಾರೂ ಮರೆಯುವುದಿಲ್ಲ. ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಒಂದು ದಪ್ಪ ಲಕೋಟೆ ಕೊಡುತ್ತಾರೆ, ಅದನ್ನು ತುಂಬಿ 16 ಯೂರೋದ ಸ್ಟಾಂಪು ಅಂಟಿಸಿ ಕೊಡಬೇಕು. ಬೆರಳಚ್ಚಿಗೆ ಪೊಲೀಸ್ ಕಚೇರಿಗೆ ಇನ್ನೊಂದು ದಿನ. ಜೊತೆಗೆ ‘ಕೋದಿಚೆ ಫಿಸ್ಕಾಲೆ’ ಎಂಬ ಹದಿನಾರು ಅಕ್ಷರ ಅಂಕಿಗಳ ಗುರುತು ಸಂಖ್ಯೆ. ಅದಿಲ್ಲದೆ ಸಿಮ್ ಕಾರ್ಡೂ ಇಲ್ಲ, ಬಾಡಿಗೆ ಕರಾರೂ ಇಲ್ಲ. ನನ್ನ ಸಂಖ್ಯೆಯನ್ನು ಬಿಡಿಸಿ ಓದಲು ಕಲಿತ ದಿನ ನನಗೆ ಖುಷಿಯಾಗಿತ್ತು. ಮನೆತನದ ಹೆಸರಿನ ಮೂರು ವ್ಯಂಜನ, ನನ್ನ ಹೆಸರಿನ ಮೂರು ವ್ಯಂಜನ, ಹುಟ್ಟಿದ ವರ್ಷ, ತಿಂಗಳಿಗೊಂದು ಅಕ್ಷರ, ಆಮೇಲೆ ಹುಟ್ಟಿದ ತಾರೀಕು. ಹೆಂಗಸರಾದರೆ ತಾರೀಕಿಗೆ ನಲವತ್ತು ಸೇರಿಸುತ್ತಾರೆ. 7ರಂದು ಹುಟ್ಟಿದವಳದು 47. ಕೊನೆಯ ಹತ್ತಿರ ಝಡ್ 222. ಅದು ಭಾರತ. ಯಾವ ಕೌಂಟರಿನಲ್ಲಿ ಬರೆದುಕೊಟ್ಟರೂ ನನ್ನ ದೇಶ ನನ್ನ ಜೊತೆಗೇ ಬರುತ್ತದೆ.

ಪರವಾನಗಿಗೆ ಇಲ್ಲಿಯ ಮಾತು ‘ಪೆರ್ಮೆಸ್ಸೊ’. ಕಚೇರಿಯ ಸಾಲಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿ, ನನಗೆ ಅದು ನಿಂತು ನಿಂತು ಕಾಲು ನೋಯಿಸುವ ಮಾತಾಗಿತ್ತು. ಅದಕ್ಕೆ ಇನ್ನೊಂದು ಬಾಳು ಇದೆಯೆಂದು ತಿಳಿದದ್ದು ಮನೆ ಸಿಕ್ಕ ಮೇಲೆ.

ಮನೆ ಸಿಕ್ಕಿದ್ದು ಹಳೆಯ ಕೋಟೆಯ ಸರಗೋತ್ಸ ಬಾಗಿಲಿನ ಹತ್ತಿರ, ಮೂರನೆಯ ಮಹಡಿಯಲ್ಲಿ. ವಾಸದ ನೋಂದಣಿಗೆ ಅರ್ಜಿ ಹಾಕಿದ ಮೇಲೆ ಪುರಸಭೆಯ ಪೊಲೀಸು ಬಂದು ನಾವು ನಿಜಕ್ಕೂ ಅಲ್ಲಿದ್ದೇವೆಯೇ ಎಂದು ನೋಡಿಹೋಗುತ್ತಾರೆ. ಬರುವ ದಿನ ಹೇಳುವುದಿಲ್ಲ. ಬಾಗಿಲ ಬೆಲ್ಲಿನ ಮೇಲೆ ಹೆಸರಿಲ್ಲದಿದ್ದರೆ ಹಾಗೇ ಹಿಂತಿರುಗುವುದೂ ಉಂಟು. ನಮ್ಮವರ ಹೆಸರು ಇಲ್ಲಿನ ಬೆಲ್ಲಿನ ಪಟ್ಟಿಗೆ ಹಿಡಿಸದಷ್ಟು ಉದ್ದ. ಸಣ್ಣ ಅಕ್ಷರದಲ್ಲಿ ಎರಡು ಸಾಲು ಮಾಡಿ ಅಂಟಿಸಿದೆವು. ಅದನ್ನು ಅಂಟಿಸುತ್ತಿರುವಾಗ ಎರಡನೆಯ ಮಹಡಿಯ ಹಿರಿಯರು ತರಕಾರಿ ಚೀಲ ಹಿಡಿದು ಬಂದರು. ಎಂಬತ್ತು ದಾಟಿದ ವಯಸ್ಸು, ನೆಟ್ಟನೆಯ ಬೆನ್ನು. ಕನ್ನಡಕ ಏರಿಸಿ ಪಟ್ಟಿಯನ್ನು ಅಕ್ಷರ ಅಕ್ಷರವಾಗಿ ಓದಿದರು, ತಪ್ಪಿಲ್ಲದೆ.

ನನಗೆ ಆಶ್ಚರ್ಯ. ಆಮೇಲೆ ಯೋಚಿಸಿದಾಗ ಕಾರಣ ಹೊಳೆಯಿತು. ಅವರ ಭಾಷೆಯ ಮಾತೂ ನಮ್ಮ ಮಾತಿನ ಹಾಗೆ ಸ್ವರದಲ್ಲಿ ಮುಗಿಯುತ್ತದೆ. ಒತ್ತಕ್ಷರದಲ್ಲಿ ಅರ್ಥ ಬದಲಾಗುವುದೂ ಹಾಗೆಯೇ. ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ‘ಪಾಲಾ’ ಸಲಿಕೆ, ‘ಪಲ್ಲಾ’ ಚೆಂಡು. ಭಾಷೆಯ ತರಗತಿಯಲ್ಲಿ ಬೇರೆ ದೇಶದವರು ಈ ಒತ್ತಿಗೆ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು. ಹಾಲು ಮತ್ತು ಹಲ್ಲು ಹೇಳಿ ಬೆಳೆದ ನನ್ನ ನಾಲಗೆಗೆ ಅದು ಮೊದಲ ದಿನವೇ ಬಂತು.

ನೀವು, ನೀನು ಎಂಬ ಭೇದವೂ ಇಲ್ಲಿದೆ. ‘ತು’ ಎಂದರೆ ನೀನು. ಗೌರವಕ್ಕೆ ‘ಲೇಯಿ’, ಅದು ಅವಳು ಎಂಬ ಮಾತೂ ಹೌದು, ಗಂಡಸಿಗೂ ಅದನ್ನೇ ಹೇಳುತ್ತಾರೆ. ನಾನು ಕೆಳಗಿನ ಮನೆಯ ಆ ಹಿರಿಯರನ್ನು ಸಿನ್ಯೋರಾ ಎಂದು ಕರೆದು ‘ಲೇಯಿ’ ಎಂದೇ ಮಾತಾಡುತ್ತಿದ್ದೆ. ಡಿಸೆಂಬರಿನ ಒಂದು ಮಂಜಿನ ಬೆಳಿಗ್ಗೆ ನಮ್ಮ ಬೆಲ್ ಹೊಡೆದುಕೊಂಡಿತು. ಬಾಗಿಲು ತೆರೆದೆ. ಅವರು ಹೊಸ್ತಿಲ ಆಚೆಗೇ ನಿಂತು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು, ‘ಪೆರ್ಮೆಸ್ಸೊ?’ ಎಂದರು. ಒಳಗೆ ಬರಲೇ ಎಂದು. ಬೇರೆಯವರ ಮನೆಗೆ ಕಾಲಿಡುವ ಮೊದಲು ಇಲ್ಲಿ ಪ್ರತಿಯೊಬ್ಬರೂ ಹೇಳುವ ಮಾತು ಅದು. ಎರಡು ತಿಂಗಳು ನಾನು ಕೇಳಿಕೊಳ್ಳುತ್ತ ಓಡಾಡಿದ ಮಾತನ್ನು ಈ ಊರಿನಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ನನ್ನ ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳುತ್ತಿದ್ದರು. ‘ಅವಾಂತಿ’ ಎಂದೆ. ಬನ್ನಿ ಎಂದು. ನನಗೆ ಕಣ್ಣು ತುಂಬಿ ಬಂತು.

ಅವತ್ತೇ ಅವರು ‘ಲೇಯಿ ಸಾಕು, ತು ಅನ್ನು’ ಎಂದರು. ಅಷ್ಟು ಹಿರಿಯರಿಗೆ ಏಕವಚನವೇ ಎಂದು ಕ್ಷಣ ತಡೆದೆ. ಆದರೆ ನಮ್ಮಲ್ಲೂ ಅಮ್ಮನಿಗೆ, ಅಜ್ಜಿಗೆ ನೀನು ಎಂದೇ ಅಲ್ಲವೇ ಹೇಳುವುದು? ಅಪರಿಚಿತರಿಗೆ ನೀವು, ಅಜ್ಜಿಗೆ ನೀನು. ಹಾಗೆ ಅವರು ನನಗೆ ಅಜ್ಜಿಯಾದರು. ಮುಂದೆ ಅಜ್ಜಿ ಎಂದೇ ಬರೆಯುತ್ತೇನೆ.

ಅಜ್ಜಿಯ ಅಡುಗೆಮನೆಯಲ್ಲಿ ನಾನು ಕಲಿತದ್ದು ‘ಸ್ಫೋಲ್ಯಾ’ ಲಟ್ಟಿಸುವುದು. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಬೇರೇನೂ ಇಲ್ಲ. ಅಗಲವಾದ ಮರದ ಹಲಗೆಯ ಮೇಲೆ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಮೊಟ್ಟೆ ಒಡೆದು, ಬೆರಳಲ್ಲಿ ಅಂಚಿನಿಂದ ಹಿಟ್ಟು ಎಳೆದು ಕಲಸುತ್ತ ಬಂದರೆ ಕಣಕವಾಗುತ್ತದೆ. ಅಂಗೈಯ ಬುಡದಲ್ಲಿ ನಾದಬೇಕು, ಕಿವಿಯ ಹಾಲೆಯಷ್ಟು ಮೆದುವಾಗುವ ತನಕ. ಅರ್ಧ ಗಂಟೆ ಬಟ್ಟೆ ಮುಚ್ಚಿ ಬಿಟ್ಟು ಆಮೇಲೆ ಲಟ್ಟಣಿಗೆ. ಇಲ್ಲಿನ ಲಟ್ಟಣಿಗೆ, ‘ಮತ್ತರೆಲ್ಲೊ’, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಹಿಡಿಯಿಲ್ಲದ ನುಣ್ಣನೆ ಕೋಲು. ಅಜ್ಜಿ ಅದನ್ನು ಉರುಳಿಸುವಾಗ ಕೈಗಳು ನಡುವಿನಿಂದ ತುದಿಗೆ ಜಾರುತ್ತಿದ್ದವು. ಹಾಳೆಯ ಒಂದು ಅಂಚನ್ನು ಹಲಗೆಯಿಂದ ಕೆಳಗೆ ಇಳಿಬಿಟ್ಟು ಅದರ ಭಾರದಿಂದಲೇ ಅದು ಹಿಗ್ಗುವಂತೆ ಮಾಡುತ್ತಿದ್ದರು. ಹೊಟ್ಟೆಯಿಂದ ಹಲಗೆಗೆ ಆನಿಸಿ ಹಿಡಿದ ಹಾಳೆ ತೆಳ್ಳಗಾಗುತ್ತ ಆಗುತ್ತ ಹಳದಿ ರೇಷ್ಮೆಯ ಹಾಗೆ ಕಂಡಿತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ‘ಸಾನ್ ಲೂಕಾ ಕಾಣಬೇಕು’ ಎಂದರು. ಬೊಲೊನ್ಯಾದ ಗಾದೆಯಂಥ ಮಾತು ಅದು: ಬೆಟ್ಟದ ಮೇಲಿನ ಸಾನ್ ಲೂಕಾ ಗುಡಿ ಹಾಳೆಯ ಆಚೆ ಕಾಣುವಷ್ಟು ತೆಳುವಾಗಿ ಲಟ್ಟಿಸಬೇಕು.

ಆ ಹಾಳೆಯನ್ನು ಮಡಚಿ ಪಟ್ಟಿ ಪಟ್ಟಿ ಕೊಯ್ದರೆ ತಾಲ್ಯಾತೆಲ್ಲೆ. ಅದರ ಅಗಲಕ್ಕೂ ಇಲ್ಲಿ ಕಟ್ಟಳೆ ಇದೆ. ಬೆಂದ ಮೇಲೆ 8 ಮಿಲಿಮೀಟರ್. 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ಆ ಅಳತೆಯನ್ನು ಚಿನ್ನದ ಪಟ್ಟಿ ಮಾಡಿ ಇಟ್ಟಿದ್ದಾರೆ. ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗವಂತೆ. ಅಜ್ಜಿ ಅಳೆಯಲಿಲ್ಲ. ನಾವು ಮಾಂಸ ತಿನ್ನುವವರಲ್ಲ ಎಂದು ತಿಳಿದು ಊರಿನ ಹೆಸರುವಾಸಿ ರಗೂ ಬಿಟ್ಟು, ಬೆಣ್ಣೆಯಲ್ಲಿ ಸಾಲ್ವಿಯಾ ಎಲೆ ಬಾಡಿಸಿ ಕಲಸಿ ಕೊಟ್ಟರು. ಏಕೆ, ಏನು ಎಂದು ಕೇಳಲಿಲ್ಲ.

ಒಂದು ದಿನ ಅವರ ಡ್ರಾಯರಿನಲ್ಲಿ ತೂತಿನ ಬಿಲ್ಲೆಯ ಒಂದು ಅಚ್ಚು ಕಂಡಿತು. ‘ಪಸ್ಸಾತೆಲ್ಲಿ’ ಮಾಡುವ ಅಚ್ಚಂತೆ. ರೊಟ್ಟಿಯ ಪುಡಿ, ಚೀಸು, ಮೊಟ್ಟೆ ಕಲಸಿ ಕುದಿಯುವ ಸಾರಿಗೆ ಒತ್ತುತ್ತಾರೆ. ನನ್ನ ಕಣ್ಣಿಗೆ ಅದು ಖಾರಾ ಸೇವೆಯ ಅಚ್ಚು. ಕೇಳಿ ತಂದೆ. ನಿಲ್ದಾಣದ ಹಿಂದೆ ಬಾಂಗ್ಲಾದೇಶದವರ ಅಂಗಡಿಯಲ್ಲಿ ಕಡಲೆಹಿಟ್ಟು, ಓಮ ಎರಡೂ ಸಿಗುತ್ತವೆ. ಎಣ್ಣೆಗೆ ಒತ್ತಿ ತೆಗೆದು, ಬಿಸಿ ಆರುವ ಮೊದಲೇ ಕೆಳಗೆ ಓಡಿದೆ. ಅಜ್ಜಿ ಒಂದು ಎಳೆ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ‘ನನ್ನ ಅಚ್ಚಿಗೆ ಇದೂ ಗೊತ್ತಿತ್ತೇ’ ಎಂದರು. ಅಚ್ಚು ಈಗ ಎರಡು ಮನೆಗೂ ಓಡಾಡುತ್ತದೆ.

ನಮಗಿಂತ ಮೊದಲೇ ಈ ಊರಿಗೂ ನಮ್ಮ ನಾಡಿಗೂ ನಡುವೆ ಓಡಾಡಿದವರು ಇದ್ದಾರೆ. ಊರಿನ ದಕ್ಷಿಣಕ್ಕೆ ಒಂದು ಸಾಧಾರಣ ಬೀದಿಯ ಫಲಕದಲ್ಲಿ ವಾರ್ತೆಮಾ ಎಂಬ ಹೆಸರು ಓದಿ ನಿಂತುಬಿಟ್ಟೆ. ಲುದೊವಿಕೊ ದಿ ವಾರ್ತೆಮಾ, ಬೊಲೊನ್ಯಾದವನು. 16ನೇ ಶತಮಾನದ ಮೊದಲ ದಶಕದಲ್ಲಿ ಭಟ್ಕಳ, ಹೊನ್ನಾವರ, ಮಂಗಳೂರು ನೋಡಿದವನು, ವಿಜಯನಗರಕ್ಕೂ ಹೋದವನು. 1510ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ವಿಜಯನಗರ ಬೆಟ್ಟದ ಮಗ್ಗುಲಲ್ಲಿದೆ, ಮೂರು ಸುತ್ತಿನ ಕೋಟೆ ಇದೆ. ಅಲ್ಲಿನ ಆನೆ, ಕುದುರೆ, ಸಂಪತ್ತು ಎಲ್ಲವನ್ನೂ ಬೆರಗಿನಿಂದ ಬರೆದಿದ್ದಾನೆ. ಶಾಲೆಯಲ್ಲಿ ವಿದೇಶಿ ಪ್ರವಾಸಿಗರ ಪಟ್ಟಿಯಲ್ಲಿ ಬಾಯಿಪಾಠ ಮಾಡಿದ ಹೆಸರುಗಳಿಗೆಲ್ಲ ಒಂದೊಂದು ಊರು, ಒಂದೊಂದು ಮನೆ ಇದ್ದಿರಬೇಕು ಎಂದು ಆಗ ನಾನು ಯೋಚಿಸಿರಲಿಲ್ಲ. ನಮ್ಮ ಕರಾವಳಿಯಲ್ಲಿ ಯಾರ ಜಗಲಿಯಲ್ಲಿ ಕೂತು ಅವನು ನೀರು ಕುಡಿದನೋ! ಅವನ ಊರಿನ ಜಗಲಿಯಲ್ಲಿ ಈಗ ನಾನು ನಡೆಯುತ್ತಿದ್ದೇನೆ.

ಊರಿಗೆ ಹೊಂದಿಕೊಳ್ಳುವುದು ಅಂದರೆ ಅದರ ಊಟ, ಮಾತು ಕಲಿಯುವುದಷ್ಟೇ ಎಂದುಕೊಂಡಿದ್ದೆ. ಅದರ ದುಃಖವೂ ತಿಳಿಯಬೇಕು. ರೈಲು ನಿಲ್ದಾಣದ ಹೊರಗೋಡೆಯ ಗಡಿಯಾರ ಸದಾ 10 ಗಂಟೆ 25 ನಿಮಿಷ ತೋರಿಸುತ್ತದೆ. ಕೆಟ್ಟಿದೆ ಎಂದು ಮೊದಲು ತಿಳಿದಿದ್ದೆ. 1980ರ ಆಗಸ್ಟ್ 2ರ ಶನಿವಾರ, ರಜೆಗೆ ಹೊರಟವರಿಂದ ತುಂಬಿದ್ದ ಕಾಯುವ ಕೋಣೆಯಲ್ಲಿ ಬಾಂಬು ಸಿಡಿದ ಹೊತ್ತು ಅದು. 85 ಜನ ಸತ್ತರು, ಇನ್ನೂರು ಮಂದಿ ಗಾಯಗೊಂಡರು. ಆಂಬುಲೆನ್ಸುಗಳು ಸಾಲದೆ 37ನೇ ನಂಬರಿನ ಸಿಟಿ ಬಸ್ಸಿನ ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿ ಶವಗಳನ್ನು ಸಾಗಿಸಿದರು. ಆಗಸ್ಟಿನಲ್ಲಿ ಇಡೀ ಊರು ಸಮುದ್ರಕ್ಕೋ ಬೆಟ್ಟಕ್ಕೋ ಹೋಗಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಆದರೂ 2ನೇ ತಾರೀಕು ಜನ ಮೆರವಣಿಗೆಯಲ್ಲಿ ನಿಲ್ದಾಣದ ಎದುರು ಸೇರುತ್ತಾರೆ. ಅಜ್ಜಿಯ ತೋಳು ಹಿಡಿದು ನಾನೂ ಹೋದೆ. 10.25ಕ್ಕೆ ಅಷ್ಟು ಜನ ಒಮ್ಮೆಗೇ ಮೌನವಾದರು. ಅಜ್ಜಿ ನನ್ನ ಕೈ ಬಿಡಲಿಲ್ಲ. ಮನೆಗೆ ಬಂದ ಮೇಲೂ ಆ ದಿನದ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಮನೆಯ ಹತ್ತಿರದ ಸರಗೋತ್ಸ ಬಾಗಿಲಿನಿಂದಲೇ ಪೋರ್ತಿಕೊಗಳಲ್ಲೆಲ್ಲ ಉದ್ದದ್ದು ಶುರುವಾಗುತ್ತದೆ. 3.8 ಕಿಲೋಮೀಟರ್, 666 ಕಮಾನು. ಬಯಲಲ್ಲಿ ಸಾಗಿ ಬೆಟ್ಟ ಹತ್ತಿ ಸಾನ್ ಲೂಕಾ ಗುಡಿಯ ಬಾಗಿಲಲ್ಲೇ ನಿಲ್ಲುತ್ತದೆ. ಆ ಗುಡಿಯ ಮರಿಯಮ್ಮನ ಚಿತ್ರಪಟವನ್ನು 1433ರಲ್ಲಿ ಮೊದಲ ಸಲ ಊರಿಗೆ ಇಳಿಸಿ ತಂದರು, ಮಳೆ ನಿಲ್ಲಲಿ ಎಂದು. ಬಿಡದೆ ಸುರಿದ ಮಳೆಗೆ ಪೈರು ಕೊಳೆಯುತ್ತಿತ್ತಂತೆ. ಮೆರವಣಿಗೆ ಊರು ಮುಟ್ಟುವಾಗ ಮಳೆ ನಿಂತಿತು. ಅಂದಿನಿಂದ ಪ್ರತಿ ವರ್ಷ ದೇವಿ ಇಳಿದು ಬರುತ್ತಾಳೆ, ಒಂದು ವಾರ ಊರಲ್ಲಿದ್ದು ಹಿಂತಿರುಗುತ್ತಾಳೆ. ಆಷಾಢದಲ್ಲಿ ಗದ್ದೆ ಕೊಚ್ಚಿಹೋಗುವಾಗ ‘ಸಾಕು ಮಾರಾಯ್ತಿ’ ಎಂದು ಅಮ್ಮ ಆಕಾಶಕ್ಕೆ ಕೈ ಮುಗಿದದ್ದನ್ನು ನೋಡಿದ ನನಗೆ ಈ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ದೇವಿಯೂ ಯಾತ್ರಿಗಳೂ ನೆನೆಯದಿರಲೆಂದು 1674ರಲ್ಲಿ ಈ ಕಮಾನುಗಳ ಕೆಲಸ ಹಿಡಿದರು. ಬೆಟ್ಟಕ್ಕೆ ಸಾಮಾನು ಸಾಗಿಸುವುದೇ ಕಷ್ಟವಾಯಿತು. 1677ರ ಅಕ್ಟೋಬರಿನಲ್ಲಿ ಒಂದು ದಿನ ಊರಿನ ಜನ ಬಾಗಿಲಿನಿಂದ ಬೆಟ್ಟದ ಕಡೆಗೆ ಸಾಲಾಗಿ ನಿಂತು ಸಾಮಗ್ರಿಯನ್ನು ಕೈಯಿಂದ ಕೈಗೆ ದಾಟಿಸಿದರು. ಆ ದಿನದ ನೆನಪಿಗೆ ಈಗಲೂ ಅಕ್ಟೋಬರಿನಲ್ಲಿ ಜನ ಹಾಗೆಯೇ ನಿಲ್ಲುತ್ತಾರೆ. ‘ಪಸ್ಸಮಾನೊ’ ಎಂದು ಹೆಸರು, ಕೈದಾಟ ಎನ್ನಬಹುದು.

ಬಂದು ವರ್ಷ ತುಂಬಿದ ಅಕ್ಟೋಬರಿನಲ್ಲಿ ನಾನೂ ಆ ಸಾಲಿನಲ್ಲಿ ನಿಂತೆ. ಎಡಗಡೆ ಕಾಲೇಜು ಹುಡುಗ, ಬಲಗಡೆ ಮಗುವನ್ನು ಎತ್ತಿಕೊಂಡ ತಾಯಿ. ಎಡದಿಂದ ಬಂದದ್ದನ್ನು ತೆಗೆದುಕೊಂಡೆ, ಬಲಕ್ಕೆ ಕೊಟ್ಟೆ. ಸಂಜೆ ಅಮ್ಮನಿಗೆ ಫೋನು ಮಾಡಿದಾಗ ಅವಳು ಕೇಳಿದ್ದು ಒಂದೇ: ‘ಅಲ್ಲಿ ಮಳೆ ಹೆಂಗಿದೆ? ಬಟ್ಟೆ ಎಲ್ಲಿ ಒಣಗಿಸ್ತೀಯೆ?’

ನೀವು ಬೊಲೊನ್ಯಾಕ್ಕೆ ಬಂದರೆ ಗೋಪುರಗಳನ್ನು ಕೆಳಗಿನಿಂದಲೇ ನೋಡಿ. ವಾಲಿದ ಗಾರಿಸೆಂದಾ ಇನ್ನಷ್ಟು ವಾಲದಂತೆ 2023ರಿಂದ ಅದರ ಸುತ್ತ ಬೇಲಿ ಹಾಕಿ ಕೆಲಸ ಹಿಡಿದಿದ್ದಾರೆ. ಆಮೇಲೆ ಪೋರ್ತಿಕೊದ ಕೆಳಗೇ ನಡೆದುಕೊಂಡು ಸರಗೋತ್ಸ ಬಾಗಿಲಿನ ಕಡೆಗೆ ಬನ್ನಿ. ಎರಡು ಸಾಲಿನ ಹೆಸರಿರುವ ಬೆಲ್ ನಮ್ಮದು. ಒತ್ತಿ.